ಸರ್ವರ್ ಬಿದ್ದಾಗ ಎಲ್ಲಿ ಬರೆದಿಡಬೇಕು? ಪುಸ್ತಕ, ಫೈಲ್, ವಾಟ್ಸಾಪ್, ಟರ್ಮಿನಲ್: ಒಂದು ಹೋಲಿಕೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರಲ್ಲಿ ಹೆಚ್ಚಿನವರು ಒಬ್ಬಂಟಿಗರು. ಸಹಕಾರ ಸಂಘದ ಸರ್ವರ್, ನರ್ಸಿಂಗ್ ಹೋಮಿನ ಬಿಲ್ಲಿಂಗ್, ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್, ಕಾಲೇಜಿನ ಲ್ಯಾಬು ಎಲ್ಲಕ್ಕೂ ಒಬ್ಬರದೇ ಫೋನ್ ನಂಬರು. ಇನ್ನು 2020ರಲ್ಲಿ ಊರಿಗೆ ಬಂದು, ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾ ಇಲ್ಲೇ ಉಳಿದವರಿದ್ದಾರೆ. ಇವರ ತಂಡ ದೊಡ್ಡದು, ಆದರೆ ತಂಡಕ್ಕೂ ಇವರಿಗೂ ನಡುವೆ ಇರುವುದು ಕರೆಂಟ್ ಕಂಬದ ಮೇಲೆ ಹಾದುಬಂದ ಒಂದು ಫೈಬರ್ ಎಳೆ. ಏನಾದರೂ ಕೆಟ್ಟು ನಿಂತಾಗ ಮಾಡಿದ್ದನ್ನು ಆಗಿಂದಾಗಲೇ ಬರೆದಿಡುವ ಅಭ್ಯಾಸ ಇಬ್ಬರಿಗೂ ಬೇಕು. ಎಲ್ಲಿ ಬರೆಯಬೇಕು ಅನ್ನುವುದಕ್ಕೆ ದಾರಿ ಹಲವು. ಒಂದೊಂದು ದಾರಿ ಒಂದೊಂದು ಕಡೆ ಕೈಕೊಡುತ್ತದೆ.

ಸರ್ವರ್ ತಾನಾಗಿ ಬರೆದುಕೊಳ್ಳುವ ಲಾಗ್ ಬೇರೆ, ಇಲ್ಲಿ ಹೇಳುತ್ತಿರುವ ಕೆಲಸದ ಲಾಗ್ ಬೇರೆ. ಯಂತ್ರಕ್ಕೆ ಏನಾಯಿತು ಅಂತ ಸರ್ವರಿನ ಲಾಗು ಹೇಳುತ್ತದೆ. ಯಂತ್ರದ ಮುಂದೆ ಕೂತವರು ಏನು ನೋಡಿದರು, ಏನಂದುಕೊಂಡರು, ಯಾಕೆ ಕೈ ಹಾಕಿದರು ಅನ್ನುವುದು ಅದರಲ್ಲಿ ಎಲ್ಲೂ ಸಿಗುವುದಿಲ್ಲ. ಮಂಡಿಯ ಕಿರ್ದಿ ಪುಸ್ತಕ ಕಂಡವರಿಗೆ ಇದು ಬೇಗ ಅರ್ಥವಾದೀತು. ಕಿರ್ದಿಯಲ್ಲಿ ವ್ಯವಹಾರ ನಡೆದ ಕ್ರಮದಲ್ಲೇ ಸಾಲು ಬೀಳುತ್ತದೆ, ಯಾರ ಖಾತೆಗೆ ಎಷ್ಟು ಅಂತ ವಿಂಗಡಿಸುವುದು ಆಮೇಲೆ. ಘಟನೆ ಮುಗಿದ ಮೇಲೆ ಬರೆಯುವ ವರದಿ ಆ ವಿಂಗಡಣೆ. ಕೆಟ್ಟು ನಿಂತ ಹೊತ್ತಿನಲ್ಲಿ ಬೇಕಾದದ್ದು ಕಿರ್ದಿ.

ಈ ಕಿರ್ದಿಯನ್ನು ಓದುವವರು ಮೂವರು. ಇಪ್ಪತ್ತು ನಿಮಿಷದ ನಂತರದ ನೀವೇ ಮೊದಲನೆಯವರು, ಯಾಕೆಂದರೆ ಆ ಹೊತ್ತಿಗೆ ಯಾವ ಫೈಲ್ ಮುಟ್ಟಿದಿರಿ ಅನ್ನುವುದು ನಿಮಗೇ ಮರೆತಿರುತ್ತದೆ. ನಡುರಾತ್ರಿ ನಿಮ್ಮ ಕೈಯಿಂದ ಕೆಲಸ ತೆಗೆದುಕೊಳ್ಳುವ ಜೊತೆಗಾರರು ಎರಡನೆಯವರು. ಸೋಮವಾರ ಸಂಘದ ಕಾರ್ಯದರ್ಶಿಗೋ ಕಂಪನಿಗೋ ಕಾರಣ ವಿವರಿಸಬೇಕಾದವರು ಮೂರನೆಯವರು.

ಆಯ್ಕೆ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ

ನೀವು ನೋಡಿಕೊಳ್ಳುವ ವ್ಯವಸ್ಥೆ ಪೂರ್ತಿ ಬಿದ್ದಾಗಲೂ ಅಲ್ಲಿ ಬರೆಯಬಹುದೇ? ಉಳಿದ ಅನುಕೂಲಗಳೆಲ್ಲ ಇದರ ನಂತರ.

2021ರ ಅಕ್ಟೋಬರ್ 4ರಂದು ನಮ್ಮಲ್ಲಿ ರಾತ್ರಿ 9 ದಾಟಿದ ಮೇಲೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಒಟ್ಟಿಗೇ ನಿಂತವು, ಸುಮಾರು ಆರು ಗಂಟೆ ಏಳಲಿಲ್ಲ. ಅದನ್ನು ರಿಪೇರಿ ಮಾಡಬೇಕಾದವರ ಒಳಗಿನ ಉಪಕರಣಗಳೂ ಅದೇ ನೆಟ್‌ವರ್ಕಿನ ಮೇಲೆ ಇದ್ದುದರಿಂದ ಅವೂ ಕೈಕೊಟ್ಟವು, ಎಂಜಿನಿಯರುಗಳು ಡೇಟಾ ಸೆಂಟರಿಗೆ ಖುದ್ದಾಗಿ ಹೋಗಬೇಕಾಯಿತು. ಅಂಥ ಕಂಪನಿಗೇ ಹೀಗಾಗುವುದಾದರೆ, ಸಂಘದ ಸರ್ವರಿನಲ್ಲೇ ಒಂದು ಫೋಲ್ಡರ್ ಮಾಡಿ ಅದರೊಳಗೆ ಲಾಗ್ ಇಟ್ಟುಕೊಂಡವರ ಪಾಡೇನು?

ಮಲೆನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಮಳೆಗೆ ಮರವೊಂದು ಲೈನಿನ ಮೇಲೆ ಬಿದ್ದರೆ ಕರೆಂಟೂ ಹೋಗುತ್ತದೆ, ಅದೇ ಕಂಬದ ಫೈಬರೂ ಹೋಗುತ್ತದೆ. ಸ್ವಲ್ಪ ಹೊತ್ತು ಮೊಬೈಲ್ ಸಿಗ್ನಲ್ ಇರುತ್ತದೆ. ಟವರಿನ ಬ್ಯಾಟರಿ ಇಳಿದ ಮೇಲೆ ಅದೂ ಇಲ್ಲ. ಹೊಸನಗರ, ಆಗುಂಬೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಕೂತು ಬರೆದ ಸಲಹೆಗಳು ಇಂಟರ್ನೆಟ್ ಇದೆ ಅಂದುಕೊಂಡೇ ಶುರುವಾಗುತ್ತವೆ. ಇಲ್ಲಿ ಇಂಟರ್ನೆಟ್ ಇಲ್ಲದಿರುವುದೇ ಎಷ್ಟೋ ಸಲ ಘಟನೆಯ ಅರ್ಧ ಭಾಗ.

ಪುಸ್ತಕ ಮತ್ತು ಪೆನ್ನು

ನನ್ನ ಮೊದಲ ಮತ ಇದಕ್ಕೇ. ಚಾರ್ಜ್ ಬೇಡ, ಸಿಗ್ನಲ್ ಬೇಡ, ಲಾಗಿನ್ ಬೇಡ. ಹೊಡೆದು ಹಾಕಿದ ಸಾಲೂ ಕಣ್ಣಿಗೆ ಕಾಣುತ್ತದೆ. ಅದು ದೊಡ್ಡ ಗುಣ, ಯಾಕೆಂದರೆ ತಪ್ಪಾದ ಊಹೆಯೂ ದಾಖಲೆಯೇ.

ಒಂದು ಸಹಕಾರ ಸಂಘದ ಶಾಖೆಯಲ್ಲಿ ಜುಲೈ ತಿಂಗಳ ಒಂದು ಸಂಜೆ ಬರೆದ ಪುಟದ ಸಾಲುಗಳನ್ನು ಇಲ್ಲಿ ಕೊಡುತ್ತೇನೆ. "ಪಾಸ್‌ವರ್ಡ್ ಸರಿ ಹೊಡಿತಾ ಇದೀವಿ ಮಾರಾಯ್ರೇ, ಮತ್ತೆ ಮತ್ತೆ ಅದೇ ಪೇಜಿಗೆ ಬರ್ತದೆ" ಅಂತ ಗುಮಾಸ್ತರ ಫೋನಿನಿಂದ ಶುರುವಾದದ್ದು. ಇಂಟರ್ನೆಟ್ ಇರಲಿಲ್ಲ, ಒಳಗಿನ ನೆಟ್‌ವರ್ಕ್ ಮಾತ್ರ ನಡೆಯುತ್ತಿತ್ತು. ನಾನು ಅಲ್ಲೇ ಹತ್ತಿರದಲ್ಲಿದ್ದೆ.

5:42 – ಫೋನ್ ಬಂತು. ಲಾಗಿನ್ ಆಗುತ್ತಿಲ್ಲ. ಮೂವರಿಗೂ ಹಾಗೇ.
5:50 – ಸ್ಥಳದಲ್ಲಿದ್ದೇನೆ. ಕರೆಂಟ್ 4:30ರ ಸುಮಾರಿಗೆ ಹೋಗಿ 5:25ಕ್ಕೆ ಬಂತಂತೆ (ಗುಮಾಸ್ತರು ಹೇಳಿದ್ದು). ಯುಪಿಎಸ್ ಪೂರ್ತಿ ಇಳಿದಿತ್ತು.
5:53 – ಊಹೆ: ಡೇಟಾಬೇಸ್ ಎದ್ದಿಲ್ಲ. ನೋಡುತ್ತೇನೆ, ಏನೂ ಬದಲಿಸುವುದಿಲ್ಲ.
5:55 – ಡೇಟಾಬೇಸ್ ಎದ್ದಿದೆ. ಊಹೆ ತಪ್ಪು.
5:58 – ಲಾಗ್ ಫೈಲಿನ ಕೊನೇ ಸಾಲು 1-1-2010, 00:31. ಸರ್ವರ್ ಗಡಿಯಾರವೂ 2010 ತೋರಿಸುತ್ತಿದೆ.
6:01 – ಗಡಿಯಾರ ಮುಟ್ಟುವ ಮುಂಚೆ ಬಿಲ್ಲಿಂಗ್ ನಿಲ್ಲಿಸುತ್ತೇನೆ. ಯಾಕೆ: 2010ರ ತಾರೀಕಿನಲ್ಲಿ ರಸೀದಿ ಬಿದ್ದಿದೆಯೋ ನೋಡಬೇಕು. ನಿರೀಕ್ಷೆ: ಬಿದ್ದಿರಬಾರದು.
6:04 – ಬಿದ್ದಿಲ್ಲ. ಈಗ ಗಡಿಯಾರ ಸರಿಪಡಿಸುತ್ತೇನೆ.

ನಡೆದದ್ದು ಇಷ್ಟು. ಹಳೆಯ ಸರ್ವರಿನ ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟಗಲದ ಒಂದು ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸತ್ತಿತ್ತು. ಯುಪಿಎಸ್ ಇರುವ ತನಕ ಯಾರಿಗೂ ಗೊತ್ತಾಗಲಿಲ್ಲ. ಪೂರ್ತಿ ಆಫ್ ಆಗಿ ಮತ್ತೆ ಎದ್ದಾಗ ಸರ್ವರ್ ಕಾರ್ಖಾನೆಯಲ್ಲಿ ಇಟ್ಟ ತಾರೀಕಿಗೆ, ಅಂದರೆ 1-1-2010ರ 00:00ಕ್ಕೆ ಹೋಯಿತು. ಇಂಟರ್ನೆಟ್ ಇಲ್ಲದ್ದರಿಂದ ಸರಿಯಾದ ಸಮಯ ಕೇಳಿ ತಿದ್ದಿಕೊಳ್ಳಲೂ ಆಗಲಿಲ್ಲ. ಲಾಗಿನ್ ಆದವರಿಗೆ ಅದು ಕೊಟ್ಟ ಕುಕಿಯ (ಇವರು ಲಾಗಿನ್ ಆಗಿದ್ದಾರೆ ಅಂತ ಬ್ರೌಸರ್ ಇಟ್ಟುಕೊಳ್ಳುವ ಚೀಟಿಯ) ಅವಧಿ 2010ರಲ್ಲೇ ಮುಗಿಯುತ್ತಿತ್ತು, ಹಾಗಾಗಿ ಬ್ರೌಸರ್ ಅದನ್ನು ತಕ್ಷಣ ಎಸೆಯುತ್ತಿತ್ತು.

ಈ ಘಟನೆಯಲ್ಲಿ ಯಂತ್ರದ ಲಾಗುಗಳ ಸಮಯವೇ ಸುಳ್ಳು. ಆ ಹೊತ್ತಿನ ಎರಡು ಕಾಲಗಳನ್ನು ಜೋಡಿಸುವ ಸಾಲು ಒಂದೇ, ಪುಸ್ತಕದ 5:58ರದ್ದು. 2010ರ 00:31 ಅಂದರೆ ಇವತ್ತಿನ 5:58ರ ಹತ್ತಿರ ಅಂತ ಅದರಿಂದ ಸಿಕ್ಕಿತು, ಹಿಂದೆ ಎಣಿಸಿದರೆ ಸರ್ವರ್ ಎದ್ದದ್ದು 5:27. ಕರೆಂಟ್ ಹೋಗಿಬಂದ ಸಮಯವನ್ನು ಗುಮಾಸ್ತರ ಅಂದಾಜಿಗೆ ಬಿಡಬೇಕಾಗಿಯೂ ಇರಲಿಲ್ಲ. ಸಬ್‌ಸ್ಟೇಷನ್‌ನವರು ಫೀಡರ್ ಟ್ರಿಪ್ ಆದದ್ದು (ಲೈನಿನ ಕರೆಂಟ್ ಹೋದದ್ದು), ಚಾರ್ಜ್ ಆದದ್ದು (ಮತ್ತೆ ಬಂದದ್ದು) ಎರಡನ್ನೂ ತಮ್ಮ ಲಾಗ್‌ಬುಕ್ಕಿನಲ್ಲಿ ಬರೆದಿರುತ್ತಾರೆ, ಕೇಳಿದರೆ ನೋಡಿ ಹೇಳುತ್ತಾರೆ. ಅವರ ಪುಸ್ತಕ, ನಮ್ಮ ಪುಸ್ತಕ ಎರಡೂ ಹೊಂದಿದವು.

ಪುಸ್ತಕದ ಕೊರತೆಯೂ ಸಣ್ಣದಲ್ಲ. ಉದ್ದನೆಯ ಎರರ್ ಸಂದೇಶವನ್ನು ಕೈಯಲ್ಲಿ ಬರೆಯಲು ಹೋದರೆ ಒಂದು ಅಕ್ಷರ ತಪ್ಪಿಯೇ ತಪ್ಪುತ್ತದೆ. ಅದಕ್ಕೆ ಫೋನಿನಲ್ಲಿ ಫೋಟೊ ತೆಗೆದು, ಪುಸ್ತಕದಲ್ಲಿ "5:58, ಫೋಟೊ ಇದೆ" ಅಂತ ಬರೆದರೆ ಸಾಕು. ಹುಡುಕುವುದು ಕಷ್ಟ. ದೂರದಲ್ಲಿರುವ ಜೊತೆಗಾರರಿಗೆ ಕಾಣುವುದಿಲ್ಲ. ತಂಡ ಬೇರೆ ಬೇರೆ ಊರಿನಲ್ಲಿ ಇದ್ದರೆ ಪುಸ್ತಕವೊಂದೇ ಸಾಲದು.

ಲ್ಯಾಪ್‌ಟಾಪಿನಲ್ಲಿ ಸಾದಾ ಟೆಕ್ಸ್ಟ್ ಫೈಲ್

ಪುಸ್ತಕದ ಒಳ್ಳೆಯ ಗುಣಗಳಲ್ಲಿ ಹೆಚ್ಚಿನವು ಇದಕ್ಕೂ ಇವೆ. ನೆಟ್ ಬೇಡ, ಎರರ್ ಹಾಗೇ ಅಂಟಿಸಬಹುದು, ಹುಡುಕಬಹುದು. ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಎಫ್5 ಒತ್ತಿದರೆ ಸಮಯ, ತಾರೀಕು ತಾನಾಗಿ ಬೀಳುತ್ತದೆ. ಎಷ್ಟೋ ವರ್ಷದಿಂದ ಇರುವ ಸೌಲಭ್ಯ ಇದು, ಬಳಸುವವರು ಕಡಿಮೆ. ಫೈಲ್ ಇರಬೇಕಾದದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ, ರಿಪೇರಿಯಾಗುತ್ತಿರುವ ಯಂತ್ರದಲ್ಲಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಗಂಟೆ ತಡೆಯುವ ಹಾಗಿದ್ದರೆ ಒಬ್ಬರೇ ಕೆಲಸ ಮಾಡುವವರಿಗೆ ಇದು ಪುಸ್ತಕಕ್ಕೆ ಸರಿಸಾಟಿ. ಬ್ಯಾಟರಿ ಹಳತಾಗಿದ್ದರೆ ಪುಸ್ತಕವೇ ಸರಿ.

ವಾಟ್ಸಾಪ್ ಗುಂಪು

ನಮ್ಮ ಕಡೆ ಬಹುಪಾಲು ತಂಡಗಳ ಲಾಗು ಇವತ್ತು ಇಲ್ಲೇ ಇದೆ, ಯಾರೂ ಆರಿಸದೇ ಬಂದು ಕೂತದ್ದು. ಅದಕ್ಕೆ ಕಾರಣವೂ ಇದೆ. ಎಲ್ಲರ ಕೈಯಲ್ಲಿ ಫೋನಿದೆ, ಶಾಖೆಯ ಮ್ಯಾನೇಜರೂ ಅದರಲ್ಲಿದ್ದಾರೆ, ಫೋಟೊ ಹಾಕುವುದು ಸುಲಭ, ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಸಂದೇಶ ಹೇಗೋ ಹೋಗುತ್ತದೆ. ಸುದ್ದಿ ಮುಟ್ಟಿಸುವುದಕ್ಕೆ ಇದನ್ನು ಮೀರಿಸಿದ್ದು ಇಲ್ಲ.

ಆದರೆ ಲಾಗ್ ಆಗಿ ಇದನ್ನು ನಾನು ಒಪ್ಪುವುದಿಲ್ಲ. ಕಳಿಸಿದ ಸಂದೇಶವನ್ನು 15 ನಿಮಿಷದ ತನಕ ತಿದ್ದಬಹುದು, ಎರಡು ದಿನದ ನಂತರವೂ ಎಲ್ಲರ ಫೋನಿನಿಂದ ಅಳಿಸಬಹುದು. ಗುಂಪಿನ ಅಡ್ಮಿನ್ ಬೇರೆಯವರ ಸಂದೇಶವನ್ನೂ ಅಳಿಸಬಹುದು. ಯಾರೋ ಯಾವತ್ತೋ ತಾನಾಗಿ ಅಳಿಯುವ ಸೆಟ್ಟಿಂಗ್ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲ ಮಾಯ. ಇನ್ನು ಗುಂಪಿನೊಳಗಿನ ಮಾತು ಹೇಗಿರುತ್ತದೆ ನೋಡಿ: "ಸಾರ್ ಈಗ ನೋಡಿ", "ಬಂತು", "ಮತ್ತೆ ಹೋಯ್ತು", "ಈಗ?", ನಡುವೆ ಯಾರದೋ ಹುಟ್ಟುಹಬ್ಬದ ಶುಭಾಶಯ. ಯಾವ "ಬಂತು" ಯಾವ ಬದಲಾವಣೆಗೆ ಅನ್ನುವುದು ಮೂರು ದಿನದ ನಂತರ ದೇವರಿಗೇ ಗೊತ್ತು. ಅವಸರದಲ್ಲಿ ಪಾಸ್‌ವರ್ಡೂ ಗ್ರಾಹಕರ ಖಾತೆ ನಂಬರೂ ಅಲ್ಲಿಗೇ ಬೀಳುತ್ತವೆ, ಗುಂಪಿನಲ್ಲಿರುವ ಪ್ರತಿಯೊಬ್ಬರ ಫೋನಿನಲ್ಲಿ ಉಳಿಯುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಇರುವುದು ಇದರ ಬಗ್ಗೆಯೇ.

ಬೇರೆ ದಾರಿ ಇಲ್ಲದೆ ಇದನ್ನೇ ಬಳಸಬೇಕಾದರೆ ಆ ಘಟನೆಗೇ ಹೊಸ ಗುಂಪು ಮಾಡಿ. ಹೆಸರಿನಲ್ಲಿ ತಾರೀಕು ಇರಲಿ. ಬದಲಾವಣೆ ಮಾಡುವ ಮುಂಚೆ "ಮಾಡುತ್ತಿದ್ದೇನೆ:" ಅಂತ, ಮುಗಿದ ಮೇಲೆ "ಮಾಡಿದೆ:" ಅಂತ ಶುರುವಾಗುವ ಪೂರ್ತಿ ವಾಕ್ಯ ಹಾಕಿ. ಮುಗಿದ ದಿನವೇ ಚಾಟ್ ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರಿಗೆ ಇಳಿಸಿ.

ಹಂಚಿಕೊಂಡ ಡಾಕ್ಯುಮೆಂಟ್

ಗೂಗಲ್ ಡಾಕ್ಸ್‌ನಂಥದ್ದು ದೂರದೂರದ ತಂಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬರು ಬರೆಯುವುದು ಉಳಿದವರಿಗೆ ಆ ಕ್ಷಣದಲ್ಲೇ ಕಾಣುತ್ತದೆ, ಯಾರು ಯಾವಾಗ ಏನು ತಿದ್ದಿದರು ಅನ್ನುವ ಇತಿಹಾಸವೂ ಉಳಿಯುತ್ತದೆ.

ಇದರ ಬಲ ಕಾಣಬೇಕಾದರೆ ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯ 2017ರ ಜನವರಿ 31ರ ಘಟನೆ ನೋಡಬೇಕು. ಕೆಟ್ಟಿದ್ದ ಎರಡನೇ ಡೇಟಾಬೇಸ್ ಸರ್ವರನ್ನು ಸರಿಪಡಿಸಲು ಹೋದ ಎಂಜಿನಿಯರ್ ಒಬ್ಬರು, ಅದರ ಬದಲು ನಡೆಯುತ್ತಿದ್ದ ಮುಖ್ಯ ಸರ್ವರಿನಲ್ಲೇ ಅಳಿಸುವ ಕಮಾಂಡ್ ಕೊಟ್ಟರು. ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿದ್ದರಿಂದ ಅದಕ್ಕೂ ಮುಂಚಿನ ಮಾಹಿತಿ ಉಳಿಯಿತು. ಗಿಟ್‌ಲ್ಯಾಬ್‌ನವರು ಆಗ ತಮ್ಮ ಕೆಲಸದ ಟಿಪ್ಪಣಿಯ ಗೂಗಲ್ ಡಾಕ್ ಅನ್ನು ಲೋಕಕ್ಕೇ ತೆರೆದಿಟ್ಟರು, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರ ತೋರಿಸಿದರು. ಯಾವ ಬ್ಯಾಕಪ್ ಯಾಕೆ ಕೆಲಸಕ್ಕೆ ಬರಲಿಲ್ಲ ಅನ್ನುವುದು ಅದರಲ್ಲಿ ಒಂದೊಂದಾಗಿ ಬರುತ್ತಾ ಹೋಯಿತು. ಇವತ್ತಿಗೂ ಜನ ಆ ಘಟನೆಯಿಂದ ಕಲಿಯುತ್ತಿರುವುದಕ್ಕೆ ಆ ಟಿಪ್ಪಣಿ ಒಂದು ಮುಖ್ಯ ಕಾರಣ.

ಅದೇ ಘಟನೆ ಇನ್ನೊಂದು ಪಾಠಕ್ಕೂ ಆಗುತ್ತದೆ. ಅಳಿಸುವ ಕಮಾಂಡ್ ಬಿದ್ದದ್ದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಲೆಕ್ಕದಲ್ಲಿ 31ರ ರಾತ್ರಿ 11ರ ಸುಮಾರಿಗೆ. ನಮ್ಮ ಗೋಡೆ ಗಡಿಯಾರದಲ್ಲಿ ಅದು ಫೆಬ್ರವರಿ 1ರ ಬೆಳಗಿನ ಜಾವ 4:30. ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತವೆ. ಸಂಜೆ 18:30 ಅಂತ ಸರ್ವರ್ ಹೇಳಿದರೆ ಇಲ್ಲಿ ನಡುರಾತ್ರಿ 12, ತಾರೀಕೇ ಬೇರೆ. ಐದೂವರೆ ಗಂಟೆಯ ಈ ಅಂತರ ತಲೆಯಲ್ಲಿ ಕೂಡುತ್ತಾ ಕಳೆಯುತ್ತಾ ಕೂತರೆ ನಿದ್ದೆಗಣ್ಣಿನಲ್ಲಿ ತಪ್ಪುತ್ತದೆ. ಎಲ್ಲಿ ಬರೆದರೂ ಒಂದೇ ಕಾಲಮಾನ ಹಿಡಿದುಕೊಳ್ಳಿ, ಯಾವುದು ಅಂತ ಪುಟದ ಮೊದಲ ಸಾಲಿನಲ್ಲಿ ಬರೆಯಿರಿ.

ಡಾಕ್‌ಗಳ ಕೊರತೆ ನೀವು ಆಗಲೇ ಊಹಿಸಿರುತ್ತೀರಿ. ಫೈಬರ್ ತುಂಡಾದರೆ ಮುಗಿಯಿತು. ನೆಟ್ ಇಲ್ಲದಾಗಲೂ ಬರೆಯುವ ಸೌಲಭ್ಯ ಇದೆ, ಆದರೆ ಅದನ್ನು ಕ್ರೋಮ್‌ನಲ್ಲಿ ಮೊದಲೇ ಆನ್ ಮಾಡಿಟ್ಟಿರಬೇಕು. ಈ ವಾಕ್ಯ ಓದಿದ ಕೂಡಲೇ ಮಾಡಿಟ್ಟುಕೊಳ್ಳಿ.

ಟರ್ಮಿನಲ್ ತಾನಾಗಿ ದಾಖಲಿಸುವುದು

ಟರ್ಮಿನಲ್ ಅಂದರೆ ಸರ್ವರಿಗೆ ಕಮಾಂಡುಗಳನ್ನು ಬರೆದು ಕೊಡುವ ಕಿಟಕಿ. "ಕಮಾಂಡ್ ಎಲ್ಲ ಹಿಸ್ಟರಿಯಲ್ಲಿ ಇರ್ತದಲ್ಲ, ಬರೆಯೋದ್ಯಾಕೆ?" ಅನ್ನುವವರಿದ್ದಾರೆ. ಲಿನಕ್ಸಿನಲ್ಲಿ ಕಮಾಂಡ್ ತೆಗೆದುಕೊಳ್ಳುವ ಶೆಲ್ ಪ್ರೋಗ್ರಾಂ ಬ್ಯಾಶ್, ಅದು ಇಟ್ಟುಕೊಳ್ಳುವ ಹಿಸ್ಟರಿ ಎಷ್ಟು ತೆಳು ಅಂತ ಅವರು ಒಮ್ಮೆ ನೋಡಬೇಕು. ಬೇರೆಯಾಗಿ ಹೊಂದಿಸದಿದ್ದರೆ ಅದರಲ್ಲಿ ಸಮಯ ಇಲ್ಲ. ಕಮಾಂಡಿಗೆ ಬಂದ ಉತ್ತರ ಎಂದೂ ಇಲ್ಲ. ಸಾಮಾನ್ಯವಾಗಿ ಅದು ಫೈಲಿಗೆ ಹೋಗುವುದು ಶೆಲ್ ಮುಚ್ಚುವಾಗ, ಯಂತ್ರ ನಡುವೆ ಸತ್ತರೆ ಆ ಹೊತ್ತಿನ ಸಾಲುಗಳೂ ಸತ್ತವು. ಎರಡು ಕಿಟಕಿ ತೆರೆದು ಕೆಲಸ ಮಾಡಿದ್ದರೆ ಕ್ರಮವೂ ಕಲಸಿಹೋಗುತ್ತದೆ.

ಇದಕ್ಕಿಂತ ಎಷ್ಟೋ ವಾಸಿ ಲಿನಕ್ಸಿನ "ಸ್ಕ್ರಿಪ್ಟ್" ಕಮಾಂಡ್. ಪರದೆಯ ಮೇಲೆ ಬಂದದ್ದೆಲ್ಲ ಫೈಲಿಗೆ ಇಳಿಯುತ್ತದೆ. ವಿಂಡೋಸ್‌ನಿಂದ ಸರ್ವರಿಗೆ ಲಾಗಿನ್ ಆಗಲು ಪುಟ್ಟಿ ಅನ್ನುವ ಪ್ರೋಗ್ರಾಂ ಬಳಸುವವರಿಗೆ ಅದರಲ್ಲೇ ಸೆಷನ್ ಲಾಗಿಂಗ್ ಇದೆ, ವಿಂಡೋಸ್‌ನದೇ ಶೆಲ್ ಆದ ಪವರ್‌ಶೆಲ್‌ನವರಿಗೆ "ಸ್ಟಾರ್ಟ್-ಟ್ರಾನ್ಸ್‌ಕ್ರಿಪ್ಟ್" ಇದೆ. ಎಚ್ಚರ ವಹಿಸಬೇಕಾದದ್ದು ಎರಡು ಕಡೆ. ಸರ್ವರಿಗೆ ಲಾಗಿನ್ ಆಗುವ ಮುಂಚೆ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದನ್ನು ಶುರುಮಾಡಬೇಕು. ಡಿಸ್ಕ್ ತುಂಬಿ ನಿಂತ ಸರ್ವರಿನ ಒಳಗೆ ಶುರುಮಾಡಿದರೆ ಬರೆಯಲು ಅದಕ್ಕೆ ಜಾಗವೇ ಇರುವುದಿಲ್ಲ. ಮತ್ತೆ, ನೀವು ಒತ್ತಿದ ಪಾಸ್‌ವರ್ಡ್ ಪರದೆಗೆ ಬರದಿದ್ದರೆ ಫೈಲಿಗೂ ಬರುವುದಿಲ್ಲ, ಆದರೆ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲನ್ನು ಪರದೆಯಲ್ಲಿ ತೆರೆದರೆ ಅದು ಹಾಗೇ ಇಳಿಯುತ್ತದೆ.

ಇದು ಸಾಕ್ಷಿ, ಲಾಗ್ ಅಲ್ಲ. ನೂರಾರು ಸಾಲಿನ ಫೈಲಿನಲ್ಲಿ "ಯಾಕೆ" ಅನ್ನುವುದು ಒಂದು ಸಲವೂ ಬರುವುದಿಲ್ಲ. ಹಿನ್ನೆಲೆಯಲ್ಲಿ ಓಡುತ್ತಿರಲಿ, ಕೈಬರಹ ನಿಲ್ಲದಿರಲಿ.

ದೂರುಗಳನ್ನು ನಂಬರ್ ಕೊಟ್ಟು ದಾಖಲಿಸುವ ಟಿಕೆಟ್ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುರುವಾದದ್ದು, ಮುಗಿದದ್ದು, ಯಾರಿಗೆ ಒಪ್ಪಿಸಿದ್ದು ಬರೆಯಲು ಅದು ಸರಿ. ನಿಮಿಷ ನಿಮಿಷಕ್ಕೂ ಅದರ ಹತ್ತು ಖಾನೆ ತುಂಬುತ್ತಾ ಕೂರುವವರನ್ನು ನಾನು ಕಂಡಿಲ್ಲ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ನೋಡಿಕೊಳ್ಳುವವರಾದರೆ ಪುಸ್ತಕ, ಜೊತೆಗೆ ಹಿನ್ನೆಲೆಯಲ್ಲಿ ಟರ್ಮಿನಲ್ ದಾಖಲೆ. ಸುದ್ದಿಗೆ ಮಾತ್ರ ವಾಟ್ಸಾಪ್. ಇದಕ್ಕಿಂತ ಹೆಚ್ಚಿನದು ಏನೂ ಬೇಡ.

ಒಂದೇ ಊರಿನ ಮೂರು ನಾಲ್ಕು ಜನರ ತಂಡವಾದರೆ ಕೈ ಹಾಕುವವರು ಬೇರೆ, ಬರೆಯುವವರು ಬೇರೆ ಇರಲಿ. ಪುಸ್ತಕವೋ ಲ್ಯಾಪ್‌ಟಾಪಿನ ಫೈಲೋ, ಬರೆಯುವ ಜಾಗ ಒಂದೇ ಇರಲಿ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಬರೆಯುವ ಕೆಲಸ ಕೊಡಿ. "ಅಣ್ಣ, ಈಗ ಯಾಕೆ ಅದನ್ನ ರೀಸ್ಟಾರ್ಟ್ ಮಾಡಿದ್ರಿ? ಏನಂತ ಬರೀಲಿ?" ಅಂತ ಅವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಎಷ್ಟೋ ಸಲ ರೀಸ್ಟಾರ್ಟ್ ಬೇಕಿಲ್ಲ ಅಂತ ಹೊಳೆಯುತ್ತದೆ.

ಊರಿನಿಂದ ಬೆಂಗಳೂರಿನ ತಂಡಕ್ಕೆ ಕೆಲಸ ಮಾಡುವವರಾದರೆ ತಂಡದ ಡಾಕ್ ಅಥವಾ ಚಾಟ್ ಚಾನೆಲ್ಲೇ ಮುಖ್ಯ ಲಾಗ್. ಆದರೆ ನಿಮ್ಮ ಮೇಜಿನ ಮೇಲೆ ಟೆಕ್ಸ್ಟ್ ಫೈಲೊಂದು ತೆರೆದಿರಲಿ. ನೆಟ್ ಹೋದ ಸಮಯ, ಆ ಕ್ಷಣದಲ್ಲಿ ಅರ್ಧ ಮಾಡಿದ್ದ ಕೆಲಸ ಯಾವುದು ಅನ್ನುವುದು ಅದರಲ್ಲಿ ಇರಬೇಕು. ಆಮೇಲೆ ಫೋನಿನಲ್ಲಿ ಒಂದು ನಿಮಿಷ ಸಿಗ್ನಲ್ ಸಿಕ್ಕರೆ ಅದನ್ನು ಓದಿ ಹೇಳಿದರೆ ಸಾಕು, ಇನ್ನೊಬ್ಬರು ಮುಂದುವರಿಸುತ್ತಾರೆ.

ಹೊರಗಿನವರು ನುಗ್ಗಿದ್ದಾರೆ, ಗ್ರಾಹಕರ ಮಾಹಿತಿ ಸೋರಿದೆ ಅನ್ನುವ ಅನುಮಾನ ಇದ್ದರೆ ಲೆಕ್ಕವೇ ಬೇರೆ. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು, ಯಂತ್ರಗಳ ಲಾಗುಗಳನ್ನು 180 ದಿನ ಉಳಿಸಬೇಕು, ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್ ಕೊಡುವ ಸಮಯಕ್ಕೆ ಹೊಂದಿಸಿಟ್ಟಿರಬೇಕು. ಆ 6 ಗಂಟೆ ಎಲ್ಲಿಂದ ಶುರು ಅನ್ನುವುದಕ್ಕೆ ನಿಮ್ಮ ಪುಟದ ಮೊದಲ ಸಾಲೇ ಆಧಾರ: ಯಾರು, ಎಷ್ಟೊತ್ತಿಗೆ, ಏನು ಗಮನಿಸಿದರು. ನುಗ್ಗಿದವರು ಆ ನೆಟ್‌ವರ್ಕಿನೊಳಗೇ ಕೂತು ಓದುತ್ತಿರಬಹುದಾದ್ದರಿಂದ ಇಂಥ ಲಾಗನ್ನು ಕಚೇರಿಯ ಮೇಲ್, ಹಂಚಿಕೊಂಡ ಡ್ರೈವ್ ಎರಡರಿಂದಲೂ ದೂರ ಇಡಿ. ಕಾಗದ ಇಲ್ಲಿ ನಿಜಕ್ಕೂ ಗೆಲ್ಲುತ್ತದೆ.

ಎಲ್ಲಿ ಬರೆದರೂ, ಬದಲಾವಣೆ ಮಾಡುವ ಸಾಲನ್ನು ಎಂಟರ್ ಒತ್ತುವ ಮುಂಚೆ ಬರೆಯಿರಿ. ಏನು ಮಾಡುತ್ತೇನೆ, ಯಾಕೆ, ಏನಾಗಬೇಕು ಅಂತ ಅಂದುಕೊಂಡಿದ್ದೇನೆ. ಒತ್ತಿದ ಮೇಲೆ ಏನಾಯಿತು ಅನ್ನುವುದನ್ನು ಮುಂದಿನ ಸಾಲಿನಲ್ಲಿ. ಯಾವ ಸರ್ವರ್ ಅನ್ನುವುದನ್ನು ಪೂರ್ತಿ ಹೆಸರಿನಿಂದ ಬರೆಯಿರಿ, "ಆ ಎರಡನೇದು" ಅನ್ನಬೇಡಿ. ಇನ್ನೊಬ್ಬರು ಹೇಳಿದ್ದಾದರೆ ಯಾರು ಹೇಳಿದ್ದು ಅಂತ ಸೇರಿಸಿ. ಕನ್ನಡವೋ ಇಂಗ್ಲಿಷೋ, ಆ ಹೊತ್ತಿಗೆ ಕೈಗೆ ಯಾವುದು ಬೇಗ ಬರುತ್ತದೋ ಅದು.

ಪುಸ್ತಕ ಆರಿಸಿಕೊಂಡವರಿಗೆ ಕೊನೆಯದಾಗಿ ಎರಡು ಮಾತು. ಸುರುಳಿ ತಂತಿಯದ್ದು ಬೇಡ, ಹಾಳೆ ಕಿತ್ತರೆ ಗೊತ್ತಾಗುವುದಿಲ್ಲ. ಹೊಲಿದ ಬೈಂಡಿನದ್ದು ತಂದು ಪುಟಗಳಿಗೆ ನಂಬರ್ ಹಾಕಿಡಿ. ಮಳೆಗಾಲದ ತೇವಕ್ಕೆ ಜೆಲ್ ಪೆನ್ನಿನ ಬರಹ ಹರಡುತ್ತದೆ, ಬಾಲ್‌ಪೆನ್ನಿನಲ್ಲೇ ಬರೆಯಿರಿ. ಘಟನೆ ಮುಗಿದ ಮರುದಿನ ಬೆಳಗ್ಗೆ ಪುಟಗಳ ಫೋಟೊ ತೆಗೆದು ಟರ್ಮಿನಲ್ ಫೈಲಿನ ಜೊತೆ ಒಂದೇ ಫೋಲ್ಡರಿಗೆ ಹಾಕಿ. ಪುಸ್ತಕವನ್ನು ಬೀಗವಿರುವ ಕಪಾಟಿನಲ್ಲಿಟ್ಟು, ಅದರ ಕೀಲಿ ಎಲ್ಲಿದೆ ಅಂತ ಕಚೇರಿಯ ಇನ್ನೊಬ್ಬರಿಗೆ ತಿಳಿಸಿಡಿ.